ಚಾರ್ಜರ್ ಮಡಿ

ನಮ್ಮ ಕೋಲಾರ ಸೀಮೆಯ ಹೋಳೂರಿನಲ್ಲಿ ಯಾರ ಮನೆಗೆ ಹೋಗಿ "ಸ್ವಲ್ಪ ಚಾರ್ಜಿಗೆ ಹಾಕ್ತೀನಿ" ಅಂದರೂ ಮೊದಲು ಬರುವ ಪ್ರಶ್ನೆ "ನಿಂದು ಯಾವ ಫೋನಣ್ಣ?" ವಿವೋ ಅಂದಿರೋ, "ನಮ್ದು ರೆಡ್ಮಿ ಚಾರ್ಜರು. ಬ್ಯಾಡ ಬುಡಣ್ಣ, ಬ್ಯಾಟ್ರಿ ಒಂಟೋಗ್ತದೆ." ಕಾಫಿ ಕೊಡುತ್ತಾರೆ, ಮುದ್ದೆ ಉಂಡು ಹೋಗು ಅನ್ನುತ್ತಾರೆ, ಚಾರ್ಜರ್ ಮಾತ್ರ ಕೊಡರು. ಇದು ಜಿಪುಣತನವಲ್ಲ. ಒಂದು ಯೂನಿಟ್ ಕರೆಂಟಿನಲ್ಲಿ ಸುಮಾರು ನಲವತ್ತು ಸಲ ಫೋನ್ ತುಂಬಬಹುದು, ಅದೂ ಗೃಹಜ್ಯೋತಿಯ ಕಾಲದಲ್ಲಿ ಯಾರೂ ಅದರ ಲೆಕ್ಕ ಇಡುವುದಿಲ್ಲ. ಅವರು ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ.

ನಮ್ಮ ಹಿರಿಯರ ಅಡುಗೆಮನೆಯ ಮಡಿ ಈಗ ಪ್ಲಗ್ ಪಾಯಿಂಟಿಗೆ ಬಂದಿದೆ. ಒಂದು ಕಂಪನಿಯ ಫೋನನ್ನು ಇನ್ನೊಂದು ಕಂಪನಿಯ ಚಾರ್ಜರ್ ಮುಟ್ಟಬಾರದು. ಟೀವಿಯ ಹಿಂದಿನ ಯುಎಸ್‌ಬಿ ತೂತಿಗೆ ಚುಚ್ಚಬಾರದು, ಲ್ಯಾಪ್‌ಟಾಪಿಗೂ ಚುಚ್ಚಬಾರದು. ಪವರ್ ಬ್ಯಾಂಕ್ ಬ್ಯಾಟರಿಯನ್ನು ತಿಂದುಹಾಕುತ್ತದೆ. 18 ವ್ಯಾಟಿನ ಫೋನಿಗೆ 67 ವ್ಯಾಟಿನದು ಹಾಕಿದರೆ ಸುಟ್ಟೇ ಹೋಗುತ್ತದೆ. ಬಸ್ಸಿನ ಪಾಯಿಂಟಿಗೆ ಹಾಕಿದರೆ ಕೋಲಾರ ಮುಟ್ಟುವಷ್ಟರಲ್ಲಿ ಬ್ಯಾಂಕ್ ಖಾತೆ ಖಾಲಿ. ಅಂಗಡಿಯವರು, ಕಾಲೇಜು ಹುಡುಗರು, ವಾಟ್ಸಾಪಿನ ಅನಾಮಧೇಯ ತಜ್ಞರು ಎಲ್ಲರೂ ಒಂದೇ ರಾಗ. ಇದು ಬರೀ ಸುಳ್ಳಾಗಿದ್ದರೆ ಪಾಪ ಅಂತ ಬಿಟ್ಟುಬಿಡಬಹುದಿತ್ತು. ನಿಜವಾದ ಅಪಾಯವನ್ನು ಬಾಗಿಲು ತೆರೆದು ಮನೆಯೊಳಗೆ ಕರೆದುಕೊಳ್ಳುವ ಸುಳ್ಳು ಇದು, ಅದಕ್ಕೇ ಇಷ್ಟು ಸಿಟ್ಟು.

ಒಂದು ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು, ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ನೋಕಿಯಾ ದಪ್ಪ ಪಿನ್, ನೋಕಿಯಾ ಸಣ್ಣ ಪಿನ್, ಸ್ಯಾಮ್ಸಂಗಿನ ಚಪ್ಪಟೆ ಪಿನ್, ಸೋನಿ ಎರಿಕ್ಸನ್ನಿನ ಹಲ್ಲುಹಲ್ಲಿನ ಪಿನ್ ಇದ್ದ ದಿನಗಳವು. ಒಂದೊಂದರ ವೋಲ್ಟೇಜೂ ಒಂದೊಂದು. ಪಿನ್ ಕುಯ್ದು ಬೇರೆ ಪಿನ್ ಬೆಸೆದು ಕೊಡುವ ರಿಪೇರಿಯವರೂ ಇದ್ದರು. ಆಗ "ಕಂಪನಿಯದೇ ಹಾಕು" ಅನ್ನುವುದು ಬುದ್ಧಿವಂತಿಕೆಯ ಮಾತೇ. 2006ರ ಕೊನೆಯಲ್ಲಿ ಚೀನಾ ತನ್ನ ಫೋನುಗಳ ಚಾರ್ಜರಿಗೆ ಯುಎಸ್‌ಬಿಯನ್ನೇ ಆಧಾರವಾಗಿ ಇಟ್ಟುಕೊಂಡ ಗುಣಮಟ್ಟ ತಂದಿತು. 2009ರಲ್ಲಿ ಯುರೋಪಿನಲ್ಲಿ ದೊಡ್ಡ ಫೋನ್ ಕಂಪನಿಗಳು ಮೈಕ್ರೋ ಯುಎಸ್‌ಬಿಗೆ ಒಪ್ಪಿ ಸಹಿ ಹಾಕಿದವು. 2010ರಲ್ಲಿ ಯುಎಸ್‌ಬಿ ಸಂಸ್ಥೆಯೇ ಬ್ಯಾಟರಿ ಚಾರ್ಜಿಂಗಿಗೆಂದು ನಿಯಮಗಳನ್ನು ಬಿಗಿ ಮಾಡಿತು. ಪಿನ್ನು ಹೋಯಿತು, ಪಿನ್ನಿನ ಕಾಲದ ಭಯ ಮಾತ್ರ ಉಳಿಯಿತು.

ಈ ಭಯದ ಬುಡದಲ್ಲಿ ಒಂದು ತಪ್ಪು ಚಿತ್ರವಿದೆ: ಚಾರ್ಜರ್ ಕರೆಂಟನ್ನು ಫೋನಿನೊಳಕ್ಕೆ ನೂಕುತ್ತದೆ, ದೊಡ್ಡ ಚಾರ್ಜರಾದರೆ ಜೋರಾಗಿ ನೂಕುತ್ತದೆ ಎಂಬುದು. ಹಾಗಿದ್ದರೆ ನಮ್ಮೂರ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರು) ನಮ್ಮ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಾ ಸಾಯಂಕಾಲ ಸುಡಬೇಕಿತ್ತಲ್ಲ? ಸುಡುವುದಿಲ್ಲ, ಬಲ್ಬು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಫೋನೂ ಅಷ್ಟೆ. ಇನ್ನೂ ಸರಿಯಾಗಿ ಹೇಳುವುದಾದರೆ, ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ ಗೋಡೆಯಲ್ಲಿರುವ ಡಬ್ಬಿಯಲ್ಲ. ಅದು ಫೋನಿನ ಒಳಗೇ ಕೂತಿರುವ ಒಂದು ಚಿಪ್ಪು. ಲಿಥಿಯಂ ಅಯಾನ್ ಬ್ಯಾಟರಿಗೆ ಮೊದಲು ಇಷ್ಟೇ ಆಂಪಿಯರ್ ಎಂದು ಸಮನಾಗಿ ಕೊಟ್ಟು, ಒಂದು ಸೆಲ್ 4.2 ವೋಲ್ಟಿನ ಆಸುಪಾಸಿಗೆ (ಈಚಿನ ಸೆಲ್ಲುಗಳಲ್ಲಿ 4.4ರ ಹತ್ತಿರಕ್ಕೆ) ಬಂದಾಗ ಅಲ್ಲೇ ಹಿಡಿದು ಕರೆಂಟನ್ನು ಇಳಿಸುತ್ತಾ ಬಂದು ಕೊನೆಗೆ ನಿಲ್ಲಿಸುವುದು ಆ ಚಿಪ್ಪಿನ ಕೆಲಸ. ಗೋಡೆಯ ಡಬ್ಬಿಯನ್ನು ಅಡಾಪ್ಟರ್ ಅನ್ನುವುದೇ ಸರಿ. 230 ವೋಲ್ಟಿನ ಎಸಿಯನ್ನು 5 ವೋಲ್ಟಿನ ಡಿಸಿ ಮಾಡಿ ಕೊಟ್ಟು ಸುಮ್ಮನಿರುವುದಷ್ಟೇ ಅದರ ಪಾಡು.

ಹಾಗಾದರೆ ಈ ಫಾಸ್ಟ್ ಚಾರ್ಜಿಂಗ್ ಅಂದರೆ ಏನು? ಅದೊಂದು ಮಾತುಕತೆ. ಕೇಬಲ್ ಚುಚ್ಚಿದ ಕೂಡಲೇ ಸಿಗುವುದು 5 ವೋಲ್ಟು ಮಾತ್ರ. ಹಳೇ ಬಗೆಯ ಚೌಕ ಪಿನ್ನಿನ ಅಡಾಪ್ಟರುಗಳು ತಮ್ಮ ಎರಡು ಡಾಟಾ ತಂತಿಗಳನ್ನು ಜೋಡಿಸಿಟ್ಟು "ನಾನು ಗೋಡೆಯವನು, ಒಂದೂವರೆ ಆಂಪಿಯರಿನವರೆಗೂ ತಗೋ" ಎಂದು ಸೂಚನೆ ಕೊಡುತ್ತವೆ. ಸಿ ಟೈಪಿನಲ್ಲಿ ಇದಕ್ಕೆಂದೇ ಬೇರೆ ತಂತಿ ಇದೆ, ಅದರಲ್ಲಿ 3 ಆಂಪಿಯರ್ ತನಕ ಸೂಚನೆ ಕೊಡಬಹುದು. ಅದರ ಮೇಲೆ ಪವರ್ ಡೆಲಿವರಿ ಎಂಬ ಒಪ್ಪಂದದಲ್ಲಿ ಅಡಾಪ್ಟರು ತನ್ನ ಹತ್ತಿರ ಏನೇನಿದೆ ಎಂದು ಪಟ್ಟಿ ಕೊಡುತ್ತದೆ: 5 ವೋಲ್ಟು, 9 ವೋಲ್ಟು, 15, 20. ಫೋನು ಪಟ್ಟಿ ನೋಡಿ ತನಗೆ ಬೇಕಾದ್ದನ್ನು ಕೇಳುತ್ತದೆ. ಕೇಳದೆ ಕೊಡುವ ಹಾಗಿಲ್ಲ. 2021ರಲ್ಲಿ ಈ ಒಪ್ಪಂದವನ್ನು 48 ವೋಲ್ಟು, 240 ವ್ಯಾಟಿನವರೆಗೆ ವಿಸ್ತರಿಸಿದರು. ಅಂಥ ರಾಕ್ಷಸ ಅಡಾಪ್ಟರಿಗೆ ನಿಮ್ಮ ಹತ್ತು ವ್ಯಾಟಿನ ಫೋನು ಚುಚ್ಚಿದರೂ ಹೋಗುವುದು ಹತ್ತೇ ವ್ಯಾಟು. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ಗಳ ವೂಕ್ ಬೇರೆ ಭಾಷೆಯದು. ಅದಕ್ಕೆ ತನ್ನದೇ ಅಡಾಪ್ಟರು, ತನ್ನದೇ ಕೇಬಲ್ಲು ಸಿಗದಿದ್ದರೆ ಆ ಫೋನು ಮುನಿಸಿಕೊಂಡು ಸುಟ್ಟುಹೋಗುವುದಿಲ್ಲ, ಸಾಮಾನ್ಯ ವೇಗಕ್ಕೆ ಇಳಿಯುತ್ತದೆ. ಪರದೆಯ ಮೇಲೆ ಮಿಂಚಿನ ಗುರುತು ಕಾಣಲಿಲ್ಲವೆಂದು ಜನ ಗಾಬರಿಯಾಗಿ ಕಿತ್ತುಬಿಡುತ್ತಾರೆ. ಗಾಬರಿಗೆ ಕಾರಣವಿಲ್ಲ. ನಿಧಾನಕ್ಕೆ ಚಾರ್ಜ್ ಆಗುತ್ತಿರುವ ಫೋನು ತಣ್ಣಗಿರುತ್ತದೆ, ತಣ್ಣಗಿರುವ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಟೀವಿಯ ತೂತಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. ಹಳೇ ಬಗೆಯ ಯುಎಸ್‌ಬಿ ಪೋರ್ಟು ಕೊಡುವುದು 5 ವೋಲ್ಟಿನಲ್ಲಿ 500 ಮಿಲಿ ಆಂಪಿಯರು, ಅಂದರೆ ಎರಡೂವರೆ ವ್ಯಾಟು. 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಸುವುದು ಸುಮಾರು 19 ವ್ಯಾಟ್ ಅವರ್. ಭಾಗಿಸಿದರೆ ಎಂಟು ಗಂಟೆ, ದಾರಿಯಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಹತ್ತು. ಹಳೇ ಕೀಪ್ಯಾಡ್ ನೋಕಿಯಾದ ಬಿಎಲ್-5ಸಿ ಬ್ಯಾಟರಿಯಲ್ಲಿ ನಾಲ್ಕು ವ್ಯಾಟ್ ಅವರ್ ಕೂಡ ಇರಲಿಲ್ಲ. ಅದು ಇದೇ ತೂತಿನಲ್ಲಿ ಎರಡು ಗಂಟೆಗೆ ತುಂಬುತ್ತಿತ್ತು. ಬ್ಯಾಟರಿ ದೊಡ್ಡದಾಯಿತು, ತೂತು ಹಾಗೇ ಉಳಿಯಿತು. "ಟೀವಿಗೆ ಹಾಕಿದ್ರೆ ಬ್ಯಾಟ್ರಿ ಏಳಲ್ಲ" ಎಂಬ ದೂರಿನಲ್ಲಿ ಇರುವ ಸತ್ಯ ಇಷ್ಟೇ, ಮಿಕ್ಕಿದ್ದು ಕತೆ.

ಈಗ ಕಂಪನಿಗಳ ವಿಷಯ. ನಮ್ಮದೇ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ತಯಾರಾಗುತ್ತದೆ. ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು. ಸುತ್ತಲ ಹಳ್ಳಿಗಳ ಮಕ್ಕಳು ಅಲ್ಲಿ ಪಾಳಿಯಲ್ಲಿ ನಿಂತು ದುಡಿಯುತ್ತಾರೆ. ಆ ಫೋನಿನ ಡಬ್ಬಿಯಲ್ಲಿ ಅಡಾಪ್ಟರೇ ಇರುವುದಿಲ್ಲ! 2020ರ ಅಕ್ಟೋಬರಿನಲ್ಲಿ ಐಫೋನ್ 12ರ ಜೊತೆಗೆ ಆಪಲ್ ಅಡಾಪ್ಟರ್ ಕೊಡುವುದನ್ನು ನಿಲ್ಲಿಸಿತು, ಪರಿಸರದ ನೆಪ ಹೇಳಿತು. ಬ್ರೆಜಿಲ್ 2022ರಲ್ಲಿ ದಂಡ ಹಾಕಿತು, ಅದು ಬೇರೆ ಮಾತು. ಅಡಾಪ್ಟರಿಗೆ ಬೇರೆ ದುಡ್ಡು ಕೀಳುವ ಆಪಲ್ಲಿನ ಲೋಭಕ್ಕೆ ನಾನು ವಕಾಲತ್ತು ವಹಿಸುತ್ತಿಲ್ಲ. ಆದರೆ ಒಂದು ಲಕ್ಷದ ಫೋನನ್ನು ಅಡಾಪ್ಟರಿಲ್ಲದೆ ಮಾರುವ ಕಂಪನಿಯೇ, ಸುರಕ್ಷತಾ ನಿಯಮಕ್ಕೆ ಒಳಪಟ್ಟ ಬೇರೆಯವರ ಅಡಾಪ್ಟರಾದರೂ ಆದೀತು ಎಂದು ತನ್ನ ಸಲಹೆಯಲ್ಲಿ ಬರೆದುಕೊಂಡಿದೆ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸದಾಗಿ ಮಾರುವ ಫೋನಿಗೆಲ್ಲ ಸಿ ಟೈಪ್ ಕಡ್ಡಾಯ. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೊ (ಬಿಐಎಸ್) 2023ರ ಜನವರಿಯಲ್ಲಿ ಸಿ ಟೈಪಿಗೆ ಭಾರತೀಯ ಗುಣಮಟ್ಟ ಪ್ರಕಟಿಸಿತು. ಒಂದೇ ಚಾರ್ಜರ್ ಎಲ್ಲಕ್ಕೂ ಆಗಬೇಕೆಂದು ಕಾನೂನೇ ಬರುತ್ತಿರುವಾಗ ನಾವು ಮನೆಯಲ್ಲಿ ಐದು ಫೋನಿಗೆ ಐದು ಚಾರ್ಜರ್ ಇಟ್ಟು, ಮೇಲೆ ಸ್ಟಿಕ್ಕರ್ ಅಂಟಿಸಿ, ಸೊಸೆಯದನ್ನು ಅತ್ತೆ ಮುಟ್ಟದ ಹಾಗೆ ಕಾಯುತ್ತಿದ್ದೇವೆ.

ಅಪಾಯವನ್ನು ಮನೆಯೊಳಗೆ ಕರೆಯುವ ಸುಳ್ಳು ಅಂದೆನಲ್ಲ, ಅದು ಹೀಗೆ. ಕಂಪನಿಯ ಚಾರ್ಜರ್ ಕಳೆದುಹೋಗುತ್ತದೆ, ಇಲ್ಲವೇ ಇಲಿ ಕಡಿಯುತ್ತದೆ. ಅಂಗಡಿಗೆ ಹೋಗಿ ಕೇಳುವ ಮಾತು ಒಂದೇ: "ಒರಿಜಿನಲ್ ಐತಾ?" ಇದೆ. ನೂರೈವತ್ತು ರೂಪಾಯಿಗೆ ಇದೆ. ಮೇಲೆ ಕಂಪನಿಯ ಹೆಸರು ಅಚ್ಚಾಗಿದೆ, ಡಬ್ಬಿಯೂ ಅದೇ ಬಣ್ಣ. ಹೆಸರು ಅಚ್ಚು ಹಾಕಲು ಎಷ್ಟು ಖರ್ಚು? ಹೆಸರನ್ನೇ ನಂಬುವವನಿಗೆ ಹೆಸರನ್ನೇ ಮಾರುತ್ತಾರೆ. ಅದರ ಪಕ್ಕದಲ್ಲೇ ಹೆಸರು ಕೇಳಿರದ, ಆದರೆ ನೋಂದಣಿ ಮಾಡಿಸಿ ನಿಯಮದಂತೆ ಮಾಡಿದ ಅಡಾಪ್ಟರು ಇನ್ನೂರೈವತ್ತಕ್ಕೆ ಕೂತಿದ್ದರೂ ಅದು ಮೈಲಿಗೆ. 2016ರಲ್ಲಿ ಬ್ರಿಟನ್ನಿನ ಗ್ರಾಹಕ ರಕ್ಷಣಾ ಅಧಿಕಾರಿಗಳ ಸಂಸ್ಥೆ ಪ್ರಕಟಿಸಿದ ಪರೀಕ್ಷೆಯೊಂದಿದೆ. ಸುರಕ್ಷತಾ ಪರೀಕ್ಷೆ ಮಾಡುವ ಯುಎಲ್ ಸಂಸ್ಥೆ ಆಪಲ್ ಹೆಸರಿನ 400 ನಕಲಿ ಅಡಾಪ್ಟರುಗಳನ್ನು ಪರೀಕ್ಷೆಗೆ ಹಚ್ಚಿತು. 397 ಫೇಲಾದವು, ಹನ್ನೆರಡಂತೂ ಮುಟ್ಟಿದವರ ಜೀವ ತೆಗೆಯುವಂಥವು. ಅವನ್ನು ಕೊಳ್ಳುವವರೆಲ್ಲ ಹುಡುಕುವುದು ಅದೇ ಹೆಸರನ್ನು.

ನಕಲಿಯಲ್ಲಿ ಏನು ಕೆಟ್ಟಿರುತ್ತದೆ? ಒಂದು ಬಿಚ್ಚಿ ನೋಡಿ (ಪ್ಲಗ್ಗಿನಿಂದ ಕಿತ್ತು ಸ್ವಲ್ಪ ಹೊತ್ತಾದ ಮೇಲೆ, ಮಕ್ಕಳನ್ನು ದೂರವಿಟ್ಟು). ಒಂದು ಬದಿಯಲ್ಲಿ ಗೋಡೆಯಿಂದ ಬಂದ 230 ವೋಲ್ಟು, ಡಿಸಿಯಾದ ಮೇಲೆ ಮುನ್ನೂರು ದಾಟುತ್ತದೆ. ಇನ್ನೊಂದು ಬದಿಯಲ್ಲಿ ನಿಮ್ಮ ಫೋನಿಗೆ ಹೋಗುವ 5 ವೋಲ್ಟು. ನಡುವೆ ಬೆರಳ ತುದಿಯಷ್ಟಿನ ಒಂದು ಟ್ರಾನ್ಸ್‌ಫಾರ್ಮರು. ಒಳ್ಳೆಯ ಅಡಾಪ್ಟರಿನಲ್ಲಿ ಈ ಎರಡು ಬದಿಗಳ ನಡುವೆ ಬೋರ್ಡಿನ ಮೇಲೆ ಕೆಲವು ಮಿಲಿಮೀಟರ್ ಬಯಲು ಬಿಟ್ಟಿರುತ್ತಾರೆ, ಎಷ್ಟೋ ಸಲ ನಡುವೆ ಸೀಳು ಕೊರೆದಿರುತ್ತಾರೆ. ಟ್ರಾನ್ಸ್‌ಫಾರ್ಮರಿನ ಸುರುಳಿಗೆ ಮೂರು ಪದರದ ಕವಚವಿರುವ ತಂತಿ, ಹಳದಿ ಟೇಪಿನ ಸುತ್ತು. ನಕಲಿಯಲ್ಲಿ ಬೆಸುಗೆಯ ತೊಟ್ಟು ಗೆರೆ ದಾಟಿರುತ್ತದೆ, ಟೇಪು ಒಂದೇ ಸುತ್ತು, ಫ್ಯೂಸಿನ ಜಾಗದಲ್ಲಿ ಬರೀ ತಂತಿ. ಎರಡು ಪಿನ್ನಿನ ಅಡಾಪ್ಟರಿಗೆ ಅರ್ಥಿಂಗ್ ಇಲ್ಲ ಎಂಬುದನ್ನು ಮರೆಯಬೇಡಿ. ನಿಮ್ಮ ಕೈಗೂ ಬೆಸ್ಕಾಂ ಲೈನಿಗೂ ನಡುವೆ ಇರುವುದು ಆ ಬಯಲು ಮತ್ತು ಆ ಟೇಪು, ಅಷ್ಟೇ. ಫೋನಿನ ಬ್ಯಾಟರಿಗೆ ಏನಾದೀತೋ ಎಂದು ಹೆದರುವ ನಾವು, ಚಾರ್ಜಿಗೆ ಹಾಕಿಯೇ ಫೋನನ್ನು ಕಿವಿಗೆ ಒತ್ತಿ ಮಾತಾಡುತ್ತೇವೆ.

ಕಳಪೆ ಅಡಾಪ್ಟರು ಮೊದಲೇ ಸುಳಿವು ಕೊಡುವುದೂ ಉಂಟು. ಚಾರ್ಜಿಗೆ ಹಾಕಿದಾಗ ಪರದೆ ಹುಚ್ಚುಹುಚ್ಚಾಗಿ ಆಡುವುದನ್ನು ನೋಡಿರುತ್ತೀರಿ: ಒತ್ತಿದ ಅಕ್ಷರ ಒಂದು, ಬೀಳುವುದು ಇನ್ನೊಂದು. ವಾಟ್ಸಾಪ್ ತಾನೇ ತೆರೆದುಕೊಳ್ಳುತ್ತದೆ. ಜನ ವೈರಸ್ಸು ಅನ್ನುತ್ತಾರೆ. ಅಡಾಪ್ಟರಿನಿಂದ ಸೋರಿ ಬರುವ ವಿದ್ಯುತ್ ಗದ್ದಲಕ್ಕೆ ಟಚ್ ಸ್ಕ್ರೀನು ತಬ್ಬಿಬ್ಬಾಗಿರುತ್ತದೆ, ಕಿತ್ತರೆ ಸರಿಹೋಗುತ್ತದೆ. ಅಂಥ ಅಡಾಪ್ಟರನ್ನು, ಅದರ ಮೇಲೆ ಯಾವ ದೇವರ ಹೆಸರಿದ್ದರೂ ಸರಿ, ಬಿಸಾಡಿ. ಲೋಹದ ಅಂಚಿನ ಫೋನು ಮುಟ್ಟಿದಾಗ ಬೆರಳಿಗೆ ಸಣ್ಣಗೆ ಜುಂ ಅನ್ನುವುದು ಮಾತ್ರ ಒಳ್ಳೆಯ ಅಡಾಪ್ಟರಿನಲ್ಲೂ ಒಂದಿಷ್ಟು ಇದ್ದೇ ಇರುತ್ತದೆ. ಅದು ಜುಂ ದಾಟಿ ಹೊಡೆತವಾದರೆ ಯೋಚನೆ ಮಾಡಬೇಡಿ, ಅದನ್ನೂ ಬಿಸಾಡಿ.

ಮಡಿವಂತರ ಇನ್ನೊಂದು ತಮಾಷೆ ಬ್ಯಾಟರಿ. ಚಾರ್ಜರಿಗೆ ಇಷ್ಟೆಲ್ಲ ಕುಲಗೋತ್ರ ಕೇಳುವವರು ಬ್ಯಾಟರಿ ಉಬ್ಬಿದಾಗ ರಿಪೇರಿಯವನ ಹತ್ತಿರ ಕೇಳುವುದು "ಎಷ್ಟಾಗ್ತದೆ?" ಎಂದು ಮಾತ್ರ. ಕಂಪನಿ ಚಾರ್ಜರ್ ಬಿಟ್ಟು ಬೇರೆ ಹಾಕಬೇಡಿ ಎಂದು ಉಪದೇಶ ಕೊಟ್ಟ ಅದೇ ಕೌಂಟರಿನಲ್ಲಿ, ಅಪ್ಪ ಅಮ್ಮ ಗೊತ್ತಿಲ್ಲದ ಬ್ಯಾಟರಿಯನ್ನು ಫೋನಿನ ಹೊಟ್ಟೆಗೆ ಅಂಟಿಸಿ ಕೊಡುತ್ತಾರೆ. ಬೆಂಕಿ ಹತ್ತುವ ವಸ್ತು ಇರುವುದು ಅದರಲ್ಲಿ! ಪತ್ರಿಕೆಗಳೂ ಕಡಿಮೆಯೇನಿಲ್ಲ. "ಚಾರ್ಜಿಗೆ ಹಾಕಿದ್ದ ಮೊಬೈಲ್ ಸ್ಫೋಟ" ಎಂಬ ಸುದ್ದಿಯಲ್ಲಿ ಬ್ಯಾಟರಿ ಬದಲಾಯಿಸಿದ್ದರೇ, ಫೋನು ನೆಲಕ್ಕೆ ಬಿದ್ದಿತ್ತೇ, ಹಾಸಿಗೆ ಕೆಳಗಿತ್ತೇ ಎಂಬ ಒಂದು ಸಾಲೂ ಇರುವುದಿಲ್ಲ. ಚಾರ್ಜರ್ ಯಾವುದು ಎಂಬ ಊಹೆ ಮಾತ್ರ ತಪ್ಪದೆ ಇರುತ್ತದೆ.

ದಾಖಲೆಯಲ್ಲಿರುವ ದೊಡ್ಡ ಪ್ರಕರಣಗಳನ್ನು ತೆಗೆದು ನೋಡಿ. 2007ರ ಆಗಸ್ಟಿನಲ್ಲಿ ನೋಕಿಯಾ ನಾಲ್ಕೂವರೆ ಕೋಟಿಗೂ ಹೆಚ್ಚು ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಕೊಟ್ಟು, ಬೇಕಾದವರಿಗೆ ಬದಲಿ ಕೊಡುತ್ತೇನೆ ಅಂದಿತು. ನಮ್ಮ ದೇಶದಲ್ಲಿ ಜನ ಫೋನಿನ ಬೆನ್ನು ಬಿಚ್ಚಿ ನಂಬರ್ ನೋಡಿಕೊಂಡ ದಿನಗಳವು. ದೋಷ ಇದ್ದದ್ದು ಜಪಾನಿನ ಮತ್ಸುಶಿತಾ ಒಂದು ಅವಧಿಯಲ್ಲಿ ಮಾಡಿಕೊಟ್ಟ ಬ್ಯಾಟರಿಯಲ್ಲಿ. 2016ರಲ್ಲಿ ಸ್ಯಾಮ್ಸಂಗ್ ನೋಟ್ 7 ಹೊತ್ತಿ ಉರಿದು, ವಿಮಾನದಲ್ಲಿ ಒಯ್ಯಬಾರದೆಂದು ನಿಷೇಧವಾಗಿ, ಕೊನೆಗೆ ಆ ಫೋನನ್ನೇ ನಿಲ್ಲಿಸಿದರು. 2017ರ ಜನವರಿಯಲ್ಲಿ ಕಂಪನಿಯೇ ಕೊಟ್ಟ ಕಾರಣ ಇದು: ಒಬ್ಬ ಪೂರೈಕೆದಾರನ ಸೆಲ್ಲಿನ ಮೂಲೆ ಒಳಗೇ ಒತ್ತಿ ಬಗ್ಗಿತ್ತು, ಇನ್ನೊಬ್ಬನದರಲ್ಲಿ ಬೆಸುಗೆಯ ಮುಳ್ಳು ಪದರ ತೂರಿತ್ತು. ಕಂಪನಿಯ ಫೋನು, ಕಂಪನಿಯ ಬ್ಯಾಟರಿ. ಕೊಟ್ಟ ಕಾರಣದಲ್ಲಿ ಚಾರ್ಜರಿನ ಮಾತೇ ಇರಲಿಲ್ಲ.

ಬಸ್ಸಿನ ಪಾಯಿಂಟಿನ ಕಳ್ಳನ ಕತೆಗೆ ಹೆಚ್ಚು ಜಾಗ ಬೇಡ. ಯುಎಸ್‌ಬಿಯಲ್ಲಿ ವಿದ್ಯುತ್ತಿನ ಜೊತೆ ಡಾಟಾ ತಂತಿಯೂ ಇರುವುದರಿಂದ ಕದಿಯಬಹುದು ಎಂದು 2011ರಲ್ಲಿ ಅಮೆರಿಕದ ಹ್ಯಾಕರುಗಳ ಸಮ್ಮೇಳನದಲ್ಲಿ ತೋರಿಸಿದ್ದರು. ರಿಸರ್ವ್ ಬ್ಯಾಂಕಿನ 2022ರ ಎಚ್ಚರಿಕೆ ಪುಸ್ತಿಕೆಯಲ್ಲೂ ಅದಿದೆ. 2023ರಲ್ಲಿ ಎಫ್‌ಬಿಐನ ಡೆನ್ವರ್ ಕಚೇರಿ ಟ್ವೀಟ್ ಮಾಡಿ ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ವಿಚಾರಿಸಿದರೆ ಹೊಸ ಪ್ರಕರಣವೇನೂ ಇರಲಿಲ್ಲ, ಹಳೇ ಸಲಹೆಯನ್ನೇ ಮತ್ತೆ ಹಾಕಿದ್ದರು. ಈಗಿನ ಫೋನು ಡಾಟಾ ಕೊಡುವ ಮೊದಲು ನಿಮ್ಮನ್ನು ಕೇಳುತ್ತದೆ. ಆ ಪ್ರಶ್ನೆಯನ್ನೇ ಏಮಾರಿಸಬಹುದೆಂದು ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು 2025ರಲ್ಲಿ ತೋರಿಸಿದ್ದೂ ನಿಜ, ಹಾಗಾಗಿ ಫೋನಿನ ಅಪ್‌ಡೇಟ್ ಬಿಡಬೇಡಿ. ಆದರೆ ನಮ್ಮ ಕಡೆಯ ರೈತ ದುಡ್ಡು ಕಳೆದುಕೊಳ್ಳುವುದು ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬಂದ ಎಪಿಕೆ ಫೈಲನ್ನು ಒತ್ತಿ. ಅದನ್ನು ಹಂಚುವವರೂ ಅದೇ ಗುಂಪಿನವರು, ಬಸ್ಸಿನಲ್ಲಿ ಚಾರ್ಜ್ ಮಾಡಬೇಡಿ ಎಂಬ ಆಡಿಯೊ ಹಂಚಿದವರೇ.

ಹಾಗಂತ ಎಲ್ಲಿ ಬೇಕಾದರೂ ಚುಚ್ಚಿ ಅಂತಲೂ ನಾನು ಹೇಳುವುದಿಲ್ಲ. ಕೇಬಲ್ಲು ಕೆಟ್ಟದ್ದಾಗಿದ್ದರೆ ಕೆಡುಕಾಗುತ್ತದೆ. ಸಿ ಟೈಪ್ ಹೊಸದಾಗಿ ಬಂದಾಗ, ಚೌಕ ಪಿನ್ನಿನಿಂದ ಸಿ ಟೈಪಿಗೆ ಹೋಗುವ ಕೇಬಲ್ಲಿನಲ್ಲಿ 56 ಕಿಲೋ ಓಮಿನ ರೆಸಿಸ್ಟರು ಇರಬೇಕಾದಲ್ಲಿ ಹತ್ತರದು ಹಾಕಿ ಮಾರಿದವರಿದ್ದರು. ಫೋನಿಗೆ ಅದು ಸುಳ್ಳು ಹೇಳುತ್ತಿತ್ತು: ಈ ಪೋರ್ಟು 3 ಆಂಪಿಯರ್ ತಾಳುತ್ತದೆ, ಎಳೆದುಕೋ ಎಂದು. ಗೂಗಲ್ಲಿನ ಎಂಜಿನಿಯರ್ ಬೆನ್ಸನ್ ಲೆಯುಂಗ್ ಇಂಥ ಕೇಬಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ, 2016ರ ಫೆಬ್ರವರಿಯಲ್ಲಿ ತಂತಿಗಳನ್ನೇ ತಿರುಗಾಮುರುಗಾ ಬೆಸೆದಿದ್ದ ಒಂದರಿಂದ ತನ್ನ ಲ್ಯಾಪ್‌ಟಾಪನ್ನೇ ಕಳೆದುಕೊಂಡ. ಗಾಡಿಗಳದು ಇನ್ನೊಂದು ಕತೆ. ಟೊಮೆಟೊ ಕ್ರೇಟು ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಓಡುವ ಪಿಕಪ್ಪಿನಲ್ಲಿ 12 ವೋಲ್ಟು, ಅಲ್ಲಿಂದ ದೆಹಲಿಗೆ ಹೊರಡುವ ದೊಡ್ಡ ಲಾರಿಗಳಲ್ಲಿ 24. ಪಿಕಪ್ಪಿಗೆಂದು ಕೊಂಡ ಅಗ್ಗದ ಯುಎಸ್‌ಬಿ ಕಡ್ಡಿಯನ್ನು ಲಾರಿಯಲ್ಲಿ ಚುಚ್ಚಿದರೆ ಅದು ಸತ್ತು, ಸಾಯುವಾಗ ಮೇಲಿನ ವೋಲ್ಟನ್ನು ಹಾಗೇ ಕೆಳಕ್ಕೆ ಬಿಟ್ಟುಬಿಡಬಹುದು. ಡಬ್ಬಿಯ ಮೇಲೆ 12 ರಿಂದ 24 ವೋಲ್ಟು ಎಂದಿದೆಯೇ ನೋಡಬೇಕು.

ಇನ್ನು ಲೋ ವೋಲ್ಟೇಜು. ತ್ರೀಫೇಸ್ ಬಂದು ಊರಿನ ಮೋಟರೆಲ್ಲ ಒಟ್ಟಿಗೆ ಎದ್ದಾಗ ಲೈಟು ಮಿಣುಕುತ್ತದೆ, ಮನೆಯವರು ಓಡಿಹೋಗಿ ಫೋನು ಕೀಳುತ್ತಾರೆ. ಬೇಕಿಲ್ಲ, ಅಡಾಪ್ಟರಿನ ಮೇಲೆ ಸಾಮಾನ್ಯವಾಗಿ 100ರಿಂದ 240 ವೋಲ್ಟು ಎಂದೇ ಬರೆದಿರುತ್ತದೆ. ಹೆದರಬೇಕಾದದ್ದು ನ್ಯೂಟ್ರಲ್ ಕಟ್ಟಿಗೆ. ಗಾಳಿ ಮಳೆಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಹರಿದರೆ 230ರ ಬದಲು 400ರ ಕಡೆಗೆ ವೋಲ್ಟು ಏರಿ, ಬೀದಿಯ ಟೀವಿ, ಫ್ರಿಜ್ಜು, ಅಡಾಪ್ಟರು ಒಂದೇ ಏಟಿಗೆ ಹೋಗುತ್ತವೆ. ಅಂಥ ಹೊತ್ತಿನಲ್ಲಿ ಒರಿಜಿನಲ್ಲೂ ಒಂದೇ, ಡೂಪ್ಲಿಕೇಟೂ ಒಂದೇ. ವ್ಯತ್ಯಾಸ ಇರುವುದು ಸಾಯುವ ರೀತಿಯಲ್ಲಿ: ಫ್ಯೂಸಿರುವುದು ತಾನೊಂದೇ ಸಾಯುತ್ತದೆ, ಇಲ್ಲದ್ದು ಹೊತ್ತಿಕೊಳ್ಳಬಹುದು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಲೈನು ಎಳೆದು ಕರೆಂಟ್ ತಂದ ಸೀಮೆ ನಮ್ಮದು. ಚಿನ್ನಕ್ಕೆ ಕರೆಂಟ್ ಬಂದು ಇಷ್ಟು ವರ್ಷವಾದರೂ ಹಳ್ಳಿಯ ಮನೆಯ ಮೂರು ತೂತಿನ ಸಾಕೆಟ್ಟಿನಲ್ಲಿ ಮೇಲಿನ ತೂತಿಗೆ ತಂತಿಯೇ ಇರುವುದಿಲ್ಲ, ಸಾಕೆಟ್ಟು ಸಡಿಲವಾಗಿ ಕಿಡಿ ಹಾರುತ್ತಿದ್ದರೆ ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡುತ್ತೇವೆ. ಬೇಸಿಗೆಯಲ್ಲಿ ಶೀಟಿನ ಮನೆಯೊಳಗೆ, ದಿಂಬಿನ ಕೆಳಗೆ, ಕವರ್ ಸಮೇತ ಫೋನು ಚಾರ್ಜಿಗಿಟ್ಟು ಆಟವಾಡುತ್ತೇವೆ. ಬ್ಯಾಟರಿಯ ಆಯುಷ್ಯ ತಿನ್ನುವುದು ಆ ಬಿಸಿ. ಅದನ್ನು ಬಿಟ್ಟು ಪಕ್ಕದ ಮನೆಯ ರೆಡ್ಮಿ ಚಾರ್ಜರಿಗೆ ಮಡಿ ಮಾಡುತ್ತೇವೆ.

ಹೆಸರು ಬಿಟ್ಟು ಏನು ನೋಡಬೇಕು ಅಂದರೆ, ಅಡಾಪ್ಟರನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಬೇಕು. 2012ರ ಕಡ್ಡಾಯ ನೋಂದಣಿ ಆದೇಶದಿಂದ ಶುರುವಾದ ವ್ಯವಸ್ಥೆಯಲ್ಲಿ ಅಡಾಪ್ಟರು, ಪವರ್ ಬ್ಯಾಂಕು, ಬ್ಯಾಟರಿ ಇವಕ್ಕೆಲ್ಲ ಬಿಐಎಸ್ ಗುರುತು ಬೇಕು: ಐಎಸ್ ಎಂದು ಒಂದು ಸಂಖ್ಯೆ, ಕೆಳಗೆ ಆರ್ ಎಂದು ಶುರುವಾಗುವ ನೋಂದಣಿ ಸಂಖ್ಯೆ. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ವಸ್ತುವಿಗೆ, ಯಾವ ತಯಾರಕನಿಗೆ, ಯಾವ ಬ್ರ್ಯಾಂಡಿಗೆ ಕೊಟ್ಟದ್ದೆಂದು ಬರುತ್ತದೆ. ಅಂಗಡಿಯಲ್ಲೇ ನಿಂತು ಒತ್ತಿ ನೋಡಿ. ಚಾರ್ಜರ್ ಮೇಲಿನ ನಂಬರಿಗೆ ಬೇರೆ ಯಾರದೋ ಎಲ್‌ಇಡಿ ಬಲ್ಬಿನ ವಿವರ ತೋರಿಸಿದರೆ, "ಒರಿಜಿನಲ್ ಅಣ್ಣ, ಗ್ಯಾರಂಟಿ" ಎಂದು ಅಂಗಡಿಯವನು ಎಷ್ಟೇ ಆಣೆ ಹಾಕಲಿ, ಅಲ್ಲೇ ಇಟ್ಟು ಬನ್ನಿ.